ಕಣ್ಣು ಬೆಳ್ಳಗಿರಬೇಕು

“ಬಿಡೇ ಕಣ್ಣ, ಮುಂಡೇದೆ! ಬಿಡು ಅಂದ್ರೆ ಬಿಡಬೇಕು!”

ದೋನ್ ಏಜೀದಿಯೊ ಹೇಸರಗತ್ತೆಯಿಂದ ಇಳಿದು ಬಂದಿದ್ದ. ಎಡಗೈಯಲ್ಲಿ ಮಿಮ್ಮಳ ಗದ್ದ ಹಿಡಿದು, ಬಲಗೈ ಹೆಬ್ಬೆರಳಿನಿಂದ ಅವಳ ರೆಪ್ಪೆಯನ್ನು ಹುಬ್ಬಿನವರೆಗೆ ಒತ್ತಿದ್ದ. ಹದಿನೇಳರ ಹುಡುಗಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು.

“ಎಲ್ಲಾರೂ ನೋಡ್ರೇ ಇಲ್ಲಿ! ಸುಲಿದ ಮೊಟ್ಟೆ ಇದ್ದಂಗಿದೆ ಇವಳ ಕಣ್ಣು. ವಾರದಿಂದ ಗಂಧಕ ಹೊಡೀತಾ ಇದ್ದಾಳಂತೆ! ನಿಮ್ಮ ಕಣ್ಣೆಲ್ಲ ಕೋಳಿ ಕುಂಡಿ ಥರ ಕೆಂಪಗಿದ್ರೆ ಈ ರಾಣೀದು ಮಾತ್ರ ಹೆಂಗ್ರೇ ಬೆಳ್ಳಗಿದೆ?”

ಇಳಿಜಾರಿನ ಉದ್ದಕ್ಕೂ ದ್ರಾಕ್ಷಿ ಬಳ್ಳಿಯ ಸಾಲುಗಳಲ್ಲಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಯಾರ ಕೈಯೂ ನಿಲ್ಲಲಿಲ್ಲ. ಕೈ ನಿಂತರೆ ಅವತ್ತಿನ ಕೂಲಿ ನಿಂತ ಹಾಗೆ. ಚರ್ಮದ ತಿದಿಗಳು ಫುಸ್ ಫುಸ್ ಎನ್ನುತ್ತ ಹಳದಿ ಪುಡಿ ಉಗುಳುತ್ತಲೇ ಇದ್ದವು. ಬಳ್ಳಿಗೆ ಬೂದಿರೋಗ ಹತ್ತಬಾರದೆಂದರೆ ಬೇಸಿಗೆ ಬಲಿಯುವ ಮೊದಲು ಎಲೆ ಎಲೆಗೂ ಗಂಧಕ ಕೂರಿಸಬೇಕು. ಎಲೆಗೆ ಕೂತಷ್ಟೇ ಗಂಧಕ ಹೆಂಗಸರ ಕಣ್ಣಿಗೂ ಕೂರುತ್ತಿತ್ತು.

ವೆನೆರಾ ಅದೇ ಸಾಲಿನಲ್ಲಿ, ಮಗಳ ಬೆನ್ನ ಹಿಂದೆ ನಿಂತಿದ್ದಳು. ಈ ಗಳಿಗೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಇಷ್ಟು ಬೇಗ ಬರುತ್ತದೆಂದು ಗೊತ್ತಿರಲಿಲ್ಲ.

ದೋನ್ ಏಜೀದಿಯೊ ಮಿಮ್ಮಳ ಕೈಯಿಂದ ತಿದಿ ಕಿತ್ತುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದ. ಮೂತಿ ಕೆಳಗೆ ಮಾಡಿ ಒತ್ತಿದ. ಬರೀ ಗಾಳಿ ಬಂತು.

“ಓಹೋ! ಅವ್ವ ಮಗಳು ಸೇರಿ ದೊರೆಯ ತೋಟಕ್ಕೆ ಗಾಳಿ ಹಾಕ್ತಾ ಇದ್ದೀರೇನ್ರೇ, ಬೋಸುಡೇರಾ!”

“ಬುದ್ಧಿ, ಅವ್ಳ ಸಾಲಿಗೂ ನಾನೇ ವಡ್ದಿವ್ನಿ,” ಎಂದಳು ವೆನೆರಾ. “ಒಂದೆಲೆ ಬುಟ್ಟಿಲ್ಲ. ನೀವೇ ಬೇಕಾರೆ ಎಲೆ ತಿರುವಿ ನೋಡಿ.”

“ನನ್ನ ತೋಟದ ಎಲೆ ನೋಡಾಕೆ ನಿನ್ನ ಅಪ್ಪಣೆ ಬೇಕೇನೆ?”

ತೋಟ ಅವನದಲ್ಲ. ದೂರದ ಪಲೆರ್ಮೊ ಪಟ್ಟಣದಲ್ಲಿ ಕೂತು ಉಣ್ಣುವ ಬ್ಯಾರನ್‌ನದು. ಏಜೀದಿಯೊ ಅವನ ಪಾರುಪತ್ತೇಗಾರ ಅಷ್ಟೆ. ಆದರೆ ಬ್ಯಾರನ್‌ನ ಮುಖ ಕಂಡವರು ರೊಕ್ಕಸಾಲ್ವ ಊರಿನಲ್ಲಿ ಕಡಿಮೆ, ಏಜೀದಿಯೊನ ಬೂಟು ಕಾಣದ ಬೆನ್ನು ಇನ್ನೂ ಕಡಿಮೆ.

ಅವನು ಪಕ್ಕದ ಸಾಲಿನ ತಾನಾಳ ಸೊಂಟದ ಚೀಲಕ್ಕೆ ಕೈಹಾಕಿ ಬೊಗಸೆ ತುಂಬ ಗಂಧಕ ತೆಗೆದ. ತಿದಿಗೆ ತುಂಬಿದ. ಆತುರವಿಲ್ಲದೆ, ಒಲೆ ಊದುವವನ ಹಾಗೆ, ಮಿಮ್ಮಳ ಮುಖಕ್ಕೆ ಮೂತಿ ಹಿಡಿದು ಒತ್ತಿದ. ಒಂದು ಸಲ. ಅವಳು ಕೂಗಿ ಮುಖ ತಿರುಗಿಸಿದಾಗ ಜುಟ್ಟು ಹಿಡಿದು ಇನ್ನೊಂದು ಸಲ.

“ಈಗ ನೋಡು, ಕೂಲಿ ಮಾಡೋಳ ಥರ ಕಾಣ್ತೀಯ.”

ಮಿಮ್ಮ ಮಣ್ಣಿನಲ್ಲಿ ಮಂಡಿಯೂರಿ ಕೂತು ಎರಡೂ ಅಂಗೈಗಳಿಂದ ಕಣ್ಣು ಒತ್ತಿಕೊಂಡಳು. ವೆನೆರಾ ಓಡಿಹೋಗಿ ಆ ಕೈಗಳನ್ನು ಹಿಡಿದಳು.

“ಉಜ್ಬ್ಯಾಡ ಕಣವ್ವ. ಉಜ್ಜಿದ್ರೆ ಇನ್ನಾ ಒಳೀಕೆ ಓಯ್ತದೆ. ಅಳು. ಅತ್ತು ಅತ್ತು ಕಳುಸ್ಬುಡು ಆಚೀಕೆ.”

“ನಾನ್ಯಾಕೆ ಅಳ್ಲಿ ಈ ಬಡ್ಡಿಮಗನ ಮುಂದೆ?” ಎಂದಳು ಮಿಮ್ಮ. ಆದರೆ ಕಣ್ಣು ಅವಳ ಮಾತು ಕೇಳಲಿಲ್ಲ.

*

ವೆನೆರಾಳ ಗಂಡ ಕಾಟಾಲ್ಡೊ ನ್ಯೂಯಾರ್ಕಿಗೆ ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಬೀದಿಗಳ ಕೆಳಗೆ ರೈಲು ಓಡಿಸಲು ಸುರಂಗ ತೋಡುವ ಕೆಲಸ. ಚಳಿಗಾಲ ಮುಗಿಯುವ ಹೊತ್ತಿಗೆ ಹೆಂಡತಿಗೂ ಮಗಳಿಗೂ ಹಡಗಿನ ಚೀಟಿ ಕಳುಹಿಸಿದ್ದ. ಜೂನ್ ತಿಂಗಳ ಹಡಗು. ರಹದಾರಿ ಬೇಕೆಂದರೆ ಪುರಸಭೆಯ ಅಧ್ಯಕ್ಷ ನಡತೆ ಪತ್ರ ಕೊಡಬೇಕು. ಅಧ್ಯಕ್ಷ ಏಜೀದಿಯೊನ ಅಕ್ಕನ ಗಂಡ. ಊರಿನ ಯಾವ ಬಡವನ ನಡತೆ ಹೇಗೆಂದು ಅವನು ಕೇಳುತ್ತಿದ್ದುದು ಏಜೀದಿಯೊನನ್ನೇ.

“ಮೊದಲನೇ ಸುತ್ತಿನ ಗಂಧಕ ಮುಗೀಲಿ. ಆಮೇಲೆ ಕಾಗದ,” ಎಂದಿದ್ದ ಏಜೀದಿಯೊ. “ಇಬ್ಬರೂ ಬರಬೇಕು. ಮನೆಗೆರಡು ತಿದಿ.”

ಪಲೆರ್ಮೊ ಬಂದರಿನಲ್ಲಿ ಅಮೇರಿಕದ ಡಾಕ್ಟರು ಹಡಗು ಹತ್ತುವ ಮೊದಲು ಎಲ್ಲರ ರೆಪ್ಪೆ ಮಗುಚಿ ನೋಡುತ್ತಾರೆ. ಕಣ್ಣಿನ ರೋಗ ತಮ್ಮ ದೇಶಕ್ಕೆ ಬರಬಾರದಂತೆ. ಕೆಂಪು ಕಂಡರೆ ವಾಪಸು. ಹಿಂದಿನ ವರ್ಷ ಬಾವಿಬೀದಿಯ ಅಕ್ಕತಂಗಿಯರಿಬ್ಬರು ಹಾಗೆ ವಾಪಸು ಬಂದು, ಮನೆ ಮಾರಿದ್ದರಿಂದ ಏಜೀದಿಯೊನ ಕುರಿಹಟ್ಟಿಯ ಮೂಲೆಯಲ್ಲಿ ಬದುಕುತ್ತಿದ್ದರು. ಗಂಧಕ ಹೊಡೆಯದಿದ್ದರೆ ಕಾಗದವಿಲ್ಲ. ಗಂಧಕ ಹೊಡೆದರೆ ಹಡಗಿಲ್ಲ. ಏಜೀದಿಯೊನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡುತ್ತಿದ್ದ. ಗಂಡಸರೆಲ್ಲ ಅಮೇರಿಕಕ್ಕೆ ಹೋಗಿದ್ದರು. ಹೆಂಗಸರೂ ಹೋದರೆ ತೋಟಕ್ಕೆ ಆಳು ಯಾರು?

ಅದಕ್ಕೇ ವೆನೆರಾ ಮಗಳ ತಿದಿಗೆ ಪುಡಿಯನ್ನೇ ಹಾಕಿರಲಿಲ್ಲ. ಗಾಳಿ ಬರುವ ದಿಕ್ಕಿಗೆ ಅವಳನ್ನು ಮುಂದೆ ಬಿಟ್ಟು, ತಾನು ಹಿಂದಿನಿಂದ ಎರಡೂ ಮಗ್ಗುಲಿಗೆ ಹೊಡೆದುಕೊಂಡು ಬರುತ್ತಿದ್ದಳು.

ಆ ಸಂಜೆ ತಾನಾ ಬಂದಳು. ಗೋಡೆಗೆ ಗೋಡೆ ಹತ್ತಿದ ಮನೆಯವಳು. ಗಂಡ ಸತ್ತಾಗ ಹೊಟ್ಟೆಯಲ್ಲಿದ್ದ ಮಗು ಈಗ ಎದೆಯಲ್ಲಿತ್ತು. ಹದಿನೈದರ ಮಗಳು ಆಗಾತಾ ಅವಳ ಜೊತೆಗೇ ತೋಟಕ್ಕೆ ಹೋಗುತ್ತಿದ್ದಳು. ಆಗಾತಾಳನ್ನು ಅರ್ಜೆಂಟೀನಾದ ಸೋದರಮಾವ ಕರೆದಿದ್ದ. ಅವಳ ಕಾಗದವೂ ಏಜೀದಿಯೊನ ಬಾಯಲ್ಲೇ ನೇತಾಡುತ್ತಿತ್ತು.

“ತಲೆ ಇತ್ಲಾಗೆ ಕೊಡ್ಲೇ,” ಎಂದು ತಾನಾ ಮಿಮ್ಮಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ಮೊಲೆಯಿಂದ ಬಿಡಿಸಿ, ಅವಳ ಕಣ್ಣಿಗೆ ಹಾಲು ಹಿಂಡಿದಳು. “ಅಲ್ಲಾಡ್ಬ್ಯಾಡ. ಇದೇನು ಊರಬಾಗ್ಲ ಕಾರಂಜಿ ಅಂದ್ಕೊಂಡ್ಯಾ, ಸುಮ್ನೆ ಸುರ್ದು ಓಗಾಕೆ?”

“ಬೆಚ್ಗೈತೆ ಕಣಕ್ಕ,” ಎಂದಳು ಮಿಮ್ಮ.

“ಬೆಚ್ಗಿರ್ದೆ ಇನ್ನೇನು? ನನ್ ಮಗ ದೊಡ್ಡೋನಾದ್ಮೇಲೆ ಅಮೇರಿಕಕ್ಕೆ ಉಡುಕ್ಕಂಡು ಬತ್ತಾನೆ, ನನ್ ಪಾಲು ಕುಡುದ್ಬುಟ್ಟು ಓದ್ಳಲ್ಲ ಆ ಕಳ್ಳಿ ಎಲ್ಲಿ ಅಂತ.”

ಮೊಲೆ ತಪ್ಪಿದ ಮಗು ಗಾಳಿಯಲ್ಲಿ ಬಾಯಾಡಿಸುತ್ತಿತ್ತು. ಬಹಳ ಹೊತ್ತಿನ ಮೇಲೆ ಮಿಮ್ಮ ಕಣ್ಣು ಬಿಟ್ಟಳು. ಬಿಳಿಯ ಮೇಲೆ ಕೆಂಪು ಎಳೆಗಳು ಜಾಲ ಹೆಣೆದಿದ್ದವು. ವೆನೆರಾ ದೀಪ ಹತ್ತಿರ ಹಿಡಿದು ನೋಡಿ ಕೆಳಗಿಟ್ಟಳು.

ಬಾಗಿಲ ಹೊರಗೆ ಕ್ಷೌರದ ಔರೇಲಿಯೊ ಕೆಮ್ಮಿದ. ಹಡಗಿನವರ ಪರವಾಗಿ ಊರಿನಲ್ಲಿ ಜನ ಹಿಡಿಯುವವನು ಅವನೇ. ಹೋಗುವವರಿಗೆ ಬಾಯಿಪಾಠ ಮಾಡಿಸುವುದೂ ಅವನದೇ ಕೆಲಸ.

“ಎಲ್ಲಿ, ಕೇಳ್ತೀನಿ ಹೇಳಿ. ನ್ಯೂಯಾರ್ಕಲ್ಲಿ ಇಳಿದ ಕೂಡಲೆ ಕೇಳ್ತಾರೆ: ಇಲ್ಲಿ ನಿನಗೆ ಮೊದಲೇ ಕೆಲಸ ಗೊತ್ತಾಗಿದೆಯಾ?”

“ಊಂ, ಐತೆ ಬುದ್ಧಿ,” ಎಂದಳು ವೆನೆರಾ. “ಕೆಲ್ಸ ಇಲ್ದೆ ಯಾಕ್ ಓಗಾನ?”

“ಅಯ್ಯೋ, ಹೋಯ್ತು! ಹಾಗಂದ್ರೆ ಅಲ್ಲಿಂದಲೇ ತಿರುಗಿಸಿ ಕಳಿಸ್ತಾರೆ. ಇಲ್ಲ ಅನ್ನಬೇಕು. ಮೊದಲೇ ಕೂಲಿಗೆ ಒಪ್ಪಿಕೊಂಡು ಬಂದೋರನ್ನ ಒಳಗೆ ಬಿಡಬಾರದು ಅಂತ ಅಲ್ಲಿ ಕಾನೂನು.”

“ಕೆಲ್ಸ ಇಲ್ಲ ಅಂದ್ರೆ ಒಳೀಕೆ ಬುಡ್ತಾರಾ? ಇಲ್ಲಿ ಕೆಲ್ಸ ಇಲ್ಲ ಅಂದೋರ್ನ ಪೋಲೀಸ್ನೋರು ಒದ್ದು ಒಳೀಕಾಕ್ತಾರೆ!”

ತಾನಾ ಕಿಸಕ್ಕನೆ ನಕ್ಕಳು. ಔರೇಲಿಯೊ ನಗಲಿಲ್ಲ.

“ಕುಂಟಬಾರದು. ಕುಂಟಿದವರ ಅಂಗಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಾರೆ. ಕೆಮ್ಮಬಾರದು. ತಲೇಲಿ ಹೇನಿರಬಾರದು. ಮೆಟ್ಟಿಲು ಹತ್ತುವಾಗ ಏದುಸಿರು ಬಿಡಬಾರದು, ಮೇಲೆ ನಿಂತು ನೋಡ್ತಿರ್ತಾರೆ.” ಅವನು ದೀಪದ ಬೆಳಕಿನಲ್ಲಿ ಮಿಮ್ಮಳ ಮುಖ ನೋಡಿದ. ದನಿ ತಗ್ಗಿಸಿದ. “ಈ ಕಣ್ಣು ಇಟ್ಕೊಂಡು ಬಂದರಿಗೇ ಹೋಗಬೇಡಿ. ಇನ್ನೊಂದು ವಾರ ಗಂಧಕ ಬಿದ್ದರೆ ಮುಗೀತು.”

ಮಿಮ್ಮ ಎದ್ದು, ಅಪ್ಪ ಕಳುಹಿಸಿದ್ದ ಹಣದಲ್ಲಿ ಕೊಂಡ ಶೂ ಕಾಲಿಗೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆಯತೊಡಗಿದಳು. ಹುಟ್ಟಿದಾಗಿನಿಂದ ಬರಿಗಾಲಲ್ಲೇ ಬೆಳೆದವಳು. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಆದರೂ ದಿನಾ ಸಂಜೆ ಕುಂಟದೆ ನಡೆಯುವುದನ್ನು ಕಲಿಯುತ್ತಿದ್ದಳು. ಇವತ್ತು ಕಣ್ಣು ಮುಚ್ಚಿಕೊಂಡೇ ನಡೆದಳು.

*

ಮರುದಿನ ಬೆಳಿಗ್ಗೆ ವೆನೆರಾ ಏಜೀದಿಯೊನ ಅಂಗಳಕ್ಕೆ ಹೋದಳು. ಅವನು ಕಟ್ಟೆಯ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದ.

“ಮಗ್ಳು ಮನೇಲಿರ್ಲಿ ಬುದ್ಧಿ. ಅವ್ಳ ಸಾಲು ನಂಗೇ ಕೊಡಿ. ಎರಡ್ ತಿದೀನೂ ನಾನೇ ವತ್ತೀನಿ. ಕೂಲಿ ಒಂದೇ ಕೊಡಿ ಬೇಕಾರೆ.”

“ದಿನಾ ಎರಡಾಳಿನ ಕೆಲಸ ಒಬ್ಬಳೇ ಮಾಡ್ತೀಯ?”

“ಮಾಡ್ತೀನಿ.”

ಏಜೀದಿಯೊ ಮೊಟ್ಟೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅವಳನ್ನು ನೋಡುತ್ತ ಅಗಿದ. ಅವನಿಗೆ ಏನೋ ಹೊಳೆಯಿತು. ಮುಖ ಅರಳಿತು.

“ವಾರವೆಲ್ಲ ದೊರೆ ತೋಟಕ್ಕೆ ಪುಗಸಟ್ಟೆ ಗಾಳಿ ಹಾಕಿದ್ದೀರಲ್ಲ, ಆ ಗಾಳಿ ನಮಗೂ ಒಂಚೂರು ಬರಲಿ. ಭಾನುವಾರ ಪೂಜೆ ಮುಗಿದ ಮೇಲೆ ಚೌಕಕ್ಕೆ ಬಾ. ಖಾಲಿ ತಿದಿ ತಗೊಂಡು ಬಾ. ನಮ್ಮ ಕೂಟದವರಿಗೆ ಸೆಖೆ ಜಾಸ್ತಿ.”

ವೆನೆರಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಾಲಬುಡದ ನೆಲ ನೋಡಿದಳು.

“ಬಂದ್ರೆ ಮಗ್ಳು ಮನೇಲಿರ್ಬೌದಾ?”

“ಬಂದ್ರೆ ನೋಡೋಣ.”

ಭಾನುವಾರ ಅವಳು ಹೋದಳು. ಚರ್ಚಿನ ಎದುರಿಗೇ ಊರಿನ ದೊಡ್ಡವರ ಕೂಟದ ಪಡಸಾಲೆ. ಬಡವರು ಆ ಮೆಟ್ಟಿಲಿಗೆ ಕಾಲಿಡುವಂತಿರಲಿಲ್ಲ. ಅವತ್ತು ಅವಳನ್ನು ಕರೆದೇ ಹತ್ತಿಸಿದರು. ಬೆತ್ತದ ಕುರ್ಚಿಗಳಲ್ಲಿ ಅಧ್ಯಕ್ಷ, ವಕೀಲ, ಊರ ಡಾಕ್ಟರು ಕೂತಿದ್ದರು. ಆಗಷ್ಟೇ ಪೂಜೆ ಮುಗಿಸಿ ಬಂದ ಪಾದ್ರಿ ದೋನ್ ಲಿಬೆರ್ತೊ ಕೊರಳ ಗುಂಡಿ ಬಿಚ್ಚಿಕೊಂಡು ಗಾಜಿನ ಬಟ್ಟಲಲ್ಲಿ ನಿಂಬೆಹಣ್ಣಿನ ಮಂಜು ತಿನ್ನುತ್ತಿದ್ದ.

“ಬನ್ನಿ ಬನ್ನಿ, ನಮ್ಮ ತೋಟದ ಗಾಳಿದೇವತೆ ಬಂದಳು!” ಎಂದ ಏಜೀದಿಯೊ. “ಮೊದಲು ಅಧ್ಯಕ್ಷರಿಗೆ.”

ವೆನೆರಾ ತಿದಿ ಎತ್ತಿ ಒತ್ತಿದಳು. ಅಧ್ಯಕ್ಷನ ಮೀಸೆ ಅಲ್ಲಾಡಿತು. ಎಲ್ಲರೂ ನಕ್ಕರು. ವಕೀಲ ತನ್ನ ಕಂಕುಳನ್ನು ಎತ್ತಿ ತೋರಿಸಿದ. ಅಲ್ಲಿಗೂ ಒತ್ತಿದಳು. ಡಾಕ್ಟರ್ ಮಾತ್ರ ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದುಕೊಂಡ. ಆದರೆ ಎದ್ದು ಹೋಗಲಿಲ್ಲ.

“ನನ್ನ ಕತ್ತಿನ ಹಿಂದೆ ಒಂಚೂರು, ಮಗಳೆ,” ಎಂದ ದೋನ್ ಲಿಬೆರ್ತೊ. “ಹಾಂ. ಇನ್ನೂ ಸ್ವಲ್ಪ ಕೆಳಗೆ. ಹಾಂ, ಹಾಂ. ದೇವರು ನಿನ್ನ ಪ್ರಯಾಣ ಸುಖವಾಗಿಡಲಿ.”

ಚೌಕದಲ್ಲಿ ಜನ ನಿಂತಿದ್ದರು. ಮುದುಕರು ಟೋಪಿ ಕೈಯಲ್ಲಿ ಹಿಡಿದು ಅದರ ಒಳಗನ್ನು ನೋಡುತ್ತಿದ್ದರು. ಚರ್ಚಿನ ಕಂಬಕ್ಕೆ ಒರಗಿ, ಶಾಲನ್ನು ಕಣ್ಣಿನ ತನಕ ಎಳೆದುಕೊಂಡು ಮಿಮ್ಮ ನಿಂತಿದ್ದಳು. ಮನೆಯಲ್ಲಿರು ಎಂದು ಹೇಳಿ ಬಂದಿದ್ದಳು ವೆನೆರಾ. ಮಗಳನ್ನು ಕಂಡಾಗ ಅವಳ ತೋಳು ಒಂದು ಗಳಿಗೆ ನಿಂತಿತು.

“ಏನಾಯ್ತೆ? ಗಾಳಿ ಖಾಲಿಯಾಯ್ತಾ?” ಎಂದ ಏಜೀದಿಯೊ.

ಅವಳು ಮತ್ತೆ ಒತ್ತತೊಡಗಿದಳು. ಬಟ್ಟಲುಗಳು ಬರಿದಾಗುವ ತನಕ ಒತ್ತಿದಳು.

ಮನೆಗೆ ಬಂದಾಗ ಮಿಮ್ಮ ಒಲೆಯ ಮುಂದೆ ಕೂತಿದ್ದಳು. ಅವ್ವನ ಮುಖ ನೋಡಲಿಲ್ಲ.

“ಅವನ ಮೂತಿಗೆ ತಿದಿ ತುರುಕ್ದೆ ಯಾಕ್ ಬಂದೆ?”

“ಎದ್ದು ಶೂ ಆಕ್ಕೊ,” ಎಂದಳು ವೆನೆರಾ. “ಇವತ್ತಿನ್ನೂ ನಡ್ದಿಲ್ಲ ನೀನು.”

*

ಅಲ್ಲಿಂದಾಚೆ ಮಿಮ್ಮ ಮನೆಯಲ್ಲೇ ಉಳಿದಳು. ರೊಟ್ಟಿ ಬೇಯಿಸಿ, ಹೋಳು ಮಾಡಿ, ಮತ್ತೆ ಒಲೆಗಿಟ್ಟು ಹಡಗಿಗೆಂದು ಗಟ್ಟಿ ಮಾಡಿದಳು. ಅಂಜೂರ ಪೋಣಿಸಿ ಒಣಗಿಸಿದಳು. ವಿನಿಗರ್, ಸೀಮೆಎಣ್ಣೆ ಹಚ್ಚಿ ತಲೆ ತೊಳೆದಳು. ಹಾಸಿಗೆಯ ಅರಿವೆ ಬಿಚ್ಚಿ ಒಳಗಿನ ಹುಲ್ಲು ಸುಟ್ಟು, ಅದೇ ಅರಿವೆಯಲ್ಲಿ ಗಂಟು ಕಟ್ಟಲು ಚೀಲ ಹೊಲಿದಳು. ಸಾಕಿದ್ದ ಆಡನ್ನು ಕೊಂಡವರು ಹೊಡೆದುಕೊಂಡು ಹೋದರು. ತಾನಾಳ ಹಾಲು ದಿನಾ ಎರಡು ಹೊತ್ತು ಬಂತು. ಕಣ್ಣಿನ ಕೆಂಪು ಎಳೆಗಳು ಒಂದೊಂದಾಗಿ ಮಾಸಿದವು.

ವೆನೆರಾ ಎರಡು ಸಾಲಿನ ನಡುವೆ ನಡೆದು ಎಡಕ್ಕೂ ಬಲಕ್ಕೂ ಹೊಡೆದಳು. ಗಾಳಿ ಯಾವ ಕಡೆಯಿಂದ ಬಂದರೂ ಒಂದು ಸಾಲಿನ ಪುಡಿ ಅವಳ ಮುಖಕ್ಕೇ ಬರುತ್ತಿತ್ತು. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಎಂಜಲಲ್ಲಿ ಒದ್ದೆ ಮಾಡಿ ಬಿಡಿಸಿಕೊಳ್ಳುತ್ತಿದ್ದಳು, ಮಗಳು ಏಳುವ ಮೊದಲು.

“ನೀನೂ ತಲೆ ಇತ್ಲಾಗ್ ಕೊಡೆ,” ಎಂದಳು ಒಂದು ದಿನ ತಾನಾ.

“ಮಗೀಗೆ ಇರ್ಲಿ ಬುಡು. ಅದ್ರ ಮೋರೆ ನೋಡು, ಇಷ್ಟಾಗೈತೆ. ಆಗಾತಾಗೂ ಬೇಕು.”

“ನೀನೂ ಅಡಗು ಅತ್ಬೇಕಲ್ಲೇ?”

“ತೋಟ ಬುಟ್ಟು ಎರಡ್ ದಿನ ಆದ್ರೆ ಎಲ್ಲಾ ಸರ್ಯೋಯ್ತದೆ. ಗಂಧಕ ತಾನೆ.”

ಸುತ್ತು ಮುಗಿದ ದಿನ ಏಜೀದಿಯೊ ಎರಡೂ ನಡತೆ ಪತ್ರಗಳನ್ನು ಅವಳ ಕೈಗಿಟ್ಟ. ಅವಳ ಮುಖ ನೋಡಿ ಒಂದು ಥರ ನಕ್ಕ. ವೆನೆರಾ ಬಗ್ಗಿ ಅವನ ಕೈಗೆ ಮುತ್ತಿಟ್ಟಳು. ಅದು ಪದ್ಧತಿ.

ತಾನಾ ತನ್ನ ಮಗಳ ಕಾಗದ ಕೇಳಿದಾಗ, “ಎರಡನೇ ಸುತ್ತು ಮುಗೀಲಿ,” ಎಂದು ಹೇಸರಗತ್ತೆಯನ್ನು ತಿರುಗಿಸಿದ.

*

ಪಲೆರ್ಮೊ ಬಂದರಿನ ದೊಡ್ಡ ಕೊಟ್ಟಿಗೆಯಲ್ಲಿ ಜನ ಕುರಿಗಳ ಹಾಗೆ ಹಗ್ಗದ ನಡುವೆ ನಿಂತಿದ್ದರು. ಎತ್ತರದ ಕಿಟಕಿಯಿಂದ ಹಡಗಿನ ಕಪ್ಪು ಹೊಗೆಕೊಳವೆ ಕಾಣುತ್ತಿತ್ತು. ಕೋಳಿ ತಂದವರ ಕೋಳಿಗಳನ್ನು ಕಿತ್ತುಕೊಂಡು ಹೊರಗೆ ಬಿಡುತ್ತಿದ್ದರು. ಒಬ್ಬ ಮುದುಕ ತನ್ನ ಸರದಿ ಬರುವ ಮೊದಲೇ ಬಾಯಿ ತೆರೆದು ನಿಂತಿದ್ದ.

ಅಮೇರಿಕದ ಡಾಕ್ಟರ್ ಎಳೆಯ ವಯಸ್ಸಿನವನು, ಚೆನ್ನಾಗಿ ಮುಖಕ್ಷೌರ ಮಾಡಿದ್ದ. ಯಾರನ್ನೂ ಬೈಯಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ, ಕಣ್ಣು ಮಾತ್ರ ನೋಡುತ್ತಿದ್ದ. ಬೆರಳಿಗೆ ಒಂದು ಕೊಕ್ಕೆ ಸಿಕ್ಕಿಸಿಕೊಂಡು ರೆಪ್ಪೆಯನ್ನು ಪುಟ ಮಗುಚಿದಂತೆ ಮಗುಚುತ್ತಿದ್ದ. ಮಿಮ್ಮಳದನ್ನು ಮಗುಚಿದ. ಎಡಗಣ್ಣು. ಬಲಗಣ್ಣು. ಬಲಗಣ್ಣಿಗೆ ಮತ್ತೆ ವಾಪಸು ಬಂದ. ವೆನೆರಾಳ ಉಗುರು ಅಂಗೈಯಲ್ಲಿ ಇಳಿದಿತ್ತು. ಆಮೇಲೆ ಅವನು ಮುಂದಕ್ಕೆ ಎಂದು ಕೈ ಬೀಸಿದ.

ವೆನೆರಾಳ ರೆಪ್ಪೆ ಮಗುಚಿದವನು ಎರಡನೇ ಕಣ್ಣು ನೋಡಲೇ ಇಲ್ಲ. ಪಕ್ಕದ ದುಭಾಷಿಗೆ ಒಂದು ಶಬ್ದ ಹೇಳಿದ.

“ಮಗಳು ಹೋಗಬಹುದು. ನೀನಲ್ಲ,” ಎಂದ ದುಭಾಷಿ.

“ರೋಗ ಅಲ್ಲ ಬುದ್ಧಿ. ಗಂಧಕ. ದ್ರಾಕ್ಷಿ ತ್ವಾಟದ ಗಂಧಕ. ನಾಳೆ ಇಷ್ಟೊತ್ಗೆ ನೋಡಿ, ಬಿಳೀ ಆಗಿರ್ತದೆ.”

“ಎಲ್ಲರೂ ಹಾಗೇ ಅಂತಾರೆ. ವಾಸಿ ಮಾಡಿಸ್ಕೊಂಡು ಬಾ. ಹಡಗಿನೋರು ಊರಿಗೆ ರೈಲು ಚೀಟಿ ಕೊಡ್ತಾರೆ. ಮುಂದೆ, ಮುಂದೆ.”

ಹಗ್ಗದ ಆ ಕಡೆಯಿಂದ ಮಿಮ್ಮ ವಾಪಸು ನುಗ್ಗಿ ಬಂದಳು.

“ನಿಂಗೆ ಗೊತ್ತಿತ್ತು,” ಎಂದಳು. “ರೈಲಲ್ಲಿ ಬರೋವಾಗ್ಲೇ ಗೊತ್ತಿತ್ತು ನಿಂಗೆ. ಅದಕ್ಕೇ ರೊಟ್ಟಿ ಚೀಲ ಎಲ್ಲಾ ನನ್ ಗಂಟ್ಗೇ ಕಟ್ದೆ.”

“ಗೊತ್ತಿರ್ಲಿಲ್ಲ ಕಣೆ. ಇರ್ಬೌದು ಅಂತಿತ್ತು ಅಷ್ಟೆ.”

“ನಾನೂ ಓಗಾಕಿಲ್ಲ. ನಡಿ ಮನೀಗೆ.”

“ಯಾವ ಮನೆ? ಆಸ್ಗೆ ಸುಟ್ಟಾಯ್ತು, ಆಡು ಕೊಟ್ಟಾಯ್ತು.”

“ಓಗಾಕಿಲ್ಲ ಅಂದ್ರೆ ಓಗಾಕಿಲ್ಲ. ನಿನ್ನ ಆ ನಾಯಿಗಳ ಮುಂದೆ ಬುಟ್ಟು—”

ವೆನೆರಾ ಅವಳ ಕೆನ್ನೆಗೆ ಬಾರಿಸಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪೋಲೀಸಿನವನೊಬ್ಬ ಹತ್ತಿರ ಬರತೊಡಗಿದ.

“ಆ ನಾಯಿಗಳ ಕಂಕುಳಿಗೆ ಗಾಳಿ ಬೀಸಿದ್ದು ನಿನ್ನ ವಾಪಸ್ ಎಳ್ಕೊಂಡ್ ಓಗಾಕಾ?” ವೆನೆರಾಳ ದನಿ ಏರಲಿಲ್ಲ. “ಕೇಳಿಲ್ಲಿ. ಇಳ್ದ ಜಾಗ್ದಲ್ಲೇ ಕೂತಿರು. ನಿಮ್ಮಪ್ಪ ಬಂದು ಎಸ್ರು ಕೂಗೋಗಂಟ ಯಾರ್ ಜೊತೇಗೂ ಓಗ್ಬ್ಯಾಡ. ಅವ್ನ ಗಡ್ಡ ನೆರ್ತಿರ್ತದೆ, ಎದರ್ಕೊಬ್ಯಾಡ. ಕೆಲ್ಸ ಐತಾ ಅಂದ್ರೆ ಏನಂತೀಯ?”

ಮಿಮ್ಮಳ ಕೆನ್ನೆಯ ಮೇಲೆ ಬೆರಳ ಗುರುತು ಏಳುತ್ತಿತ್ತು.

“ಏನಂತೀಯ?”

“ಇಲ್ಲ ಅಂತೀನಿ.”

“ಅಳ್ಬ್ಯಾಡ. ಕಣ್ ಕೆಂಪಾಯ್ತದೆ.”

ಪೋಲೀಸಿನವನು ವೆನೆರಾಳ ತೋಳು ಹಿಡಿದು ವಾಪಸು ಹೋಗುವವರ ಬಾಗಿಲ ಕಡೆ ತಿರುಗಿಸಿದ. ಅವಳು ಕತ್ತು ಹೊರಳಿಸಿ ನೋಡಿದಾಗ ಮಿಮ್ಮ ಹಗ್ಗದ ನಡುವೆ ದೊಡ್ಡ ಗಂಟು ಹೊತ್ತು ನಡೆಯುತ್ತಿದ್ದಳು. ಹಿಮ್ಮಡಿಯ ಹುಣ್ಣು ಇನ್ನೂ ಮಾಗಿರಲಿಲ್ಲ. ಒಂದು ಹೆಜ್ಜೆಯೂ ಕುಂಟಲಿಲ್ಲ.

*

ರೊಕ್ಕಸಾಲ್ವದ ರೈಲು ನಿಲ್ದಾಣದಿಂದ ಊರಿಗೆ ಹೋಗುವ ದಾರಿ ಬ್ಯಾರನ್‌ನ ತೋಟದ ಮಗ್ಗುಲಲ್ಲೇ ಹಾದುಹೋಗುತ್ತದೆ. ವೆನೆರಾ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಕಾಯಿ ಕಚ್ಚಿದ ಬಳ್ಳಿಗಳಿಗೆ ಎರಡನೇ ಸುತ್ತಿನ ಗಂಧಕ ನಡೆಯುತ್ತಿತ್ತು. ಇಳಿಜಾರಿನ ತುಂಬ ಹಳದಿ ಧೂಳು ನಿಂತಿತ್ತು. ಅವಳ ಕೈಯಲ್ಲಿ ಏನೂ ಇರಲಿಲ್ಲ.

ಕೆಳಗಿನ ಸಾಲಿನ ತುದಿಯಲ್ಲಿ ತಾನಾಳ ಮಗಳು ಆಗಾತಾ ಕಂಡಳು. ಹುಡುಗಿ ಬಳ್ಳಿಯನ್ನು ನೋಡುತ್ತಿರಲಿಲ್ಲ. ಒಂದು ಕೈಯಲ್ಲಿ ಎಲೆ ತಡವಿ ಗುರುತು ಹಿಡಿದು, ಇನ್ನೊಂದು ಕೈಯಲ್ಲಿ ತಿದಿ ಒತ್ತುತ್ತಿದ್ದಳು. ರೆಪ್ಪೆಗಳು ಊದಿ ಸೀಳುಗಂಡಿಯಾಗಿದ್ದವು. ಅಂಚಿನಲ್ಲಿ ಕೀವು ಒಣಗಿತ್ತು.

“ಯಾರದು?” ಎಂದಳು ಆಗಾತಾ.

“ನಾನು ಕಣವ್ವ. ವೆನೆರಕ್ಕ.”

“ಓಗ್ಲಿಲ್ವಾ ನೀನು?”

ಮೇಲಿನಿಂದ ಏಜೀದಿಯೊನ ಹೇಸರಗತ್ತೆ ಇಳಿದು ಬಂತು. ಜೀನಿನ ಮೇಲೆ ಅಡ್ಡಲಾಗಿ ಜೋಡುನಳಿಗೆಯ ಬಂದೂಕು.

“ಬಂದೆಯಾ ಗಾಳಿದೇವತೆ? ಅಮೇರಿಕ ಉಗೀತಾ ನಿನ್ನ?”

“ಉಗೀತು.”

“ಮಗಳು?”

“ಓದ್ಳು.”

“ಹೋಗ್ಲಿ. ನೀನಂತೂ ಬಂದೆಯಲ್ಲ. ಅಲ್ಲಿ ಕಟ್ಟೆ ಮೇಲೆ ತಿದಿ ಬಿದ್ದಿದೆ, ತಗೊ. ಮುಂದಿನ ವರ್ಷ ನೋಡೋಣ ನಿನ್ನ ಕಾಗದ.”

ವೆನೆರಾ ಕಟ್ಟೆಯ ಕಡೆ ಹೋದಳು. ತಿದಿಯ ಪಕ್ಕದಲ್ಲಿ ಬಳ್ಳಿ ಸವರುವ ಬಾಗುಗತ್ತಿ ಇತ್ತು. ಅವಳು ತಿದಿಯನ್ನು ಮುಟ್ಟಲಿಲ್ಲ. ಕತ್ತಿ ತೆಗೆದುಕೊಂಡು ಆಗಾತಾಳ ಹತ್ತಿರ ಬಂದು, ಅವಳ ಕೈಯ ತಿದಿಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಮಡಿಕೆಯ ಚರ್ಮಕ್ಕೆ ಕತ್ತಿಯ ಮೊನೆ ಇಟ್ಟು ಈ ತುದಿಯಿಂದ ಆ ತುದಿಗೆ ಸೀಳಿದಳು. ಹಳದಿ ಪುಡಿ ಅವಳ ಕಾಲ ಮೇಲೆ ಸುರಿಯಿತು.

“ಏಯ್! ಏನೇ ಮಾಡ್ತಿದೀಯ, ಲೌಡಿ?”

ಅವಳು ಮುಂದಿನ ಸಾಲಿಗೆ ಹೋದಳು. ಬಾವಿಬೀದಿಯ ಅಕ್ಕತಂಗಿಯರು ನಿಂತಿದ್ದರು. ದೊಡ್ಡವಳು ತಿದಿ ಬಿಟ್ಟುಕೊಟ್ಟಳು. ಚರ್ಮ ಸೀಳಿದ ಸದ್ದು ಬಟ್ಟೆ ಹರಿದಂತೆ ಕೇಳಿಸಿತು. ತಂಗಿಯದೂ ಹರಿಯಿತು.

“ಜೈಲಿಗೆ ಹಾಕಿಸ್ತೀನಿ! ಇನ್ನು ನಿನಗೆ ಸಾಯೋ ತನಕ ಕಾಗದ ಇಲ್ಲ, ಕೇಳಿಸ್ತಾ?”

“ಬ್ಯಾಡ,” ಎಂದಳು ವೆನೆರಾ. “ನಂಗ್ ಬೇಕಾದ್ದು ಅಡಗು ಅತ್ತಾಯ್ತು. 	ಇನ್ನೇನ್ ಇಡ್ಕೋತೀಯ ನಂದು, ಇಡ್ಕೊ.”

ಬುದ್ಧಿ ಎನ್ನಲಿಲ್ಲ. ಅದನ್ನು ಎಲ್ಲರೂ ಗಮನಿಸಿದರು.

ಏಜೀದಿಯೊ ಬಂದೂಕು ಎತ್ತಿ ಆಕಾಶಕ್ಕೆ ಹೊಡೆದ. ಹೇಸರಗತ್ತೆ ಬೆಚ್ಚಿ ಮುಂಗಾಲೆತ್ತಿತು. ಅವನು ಇಳಿದು, ಬಂದೂಕು ಹಿಡಿದು ಸಾಲಿನೊಳಕ್ಕೆ ನುಗ್ಗಿದ. ಅಷ್ಟರಲ್ಲಿ ವೆನೆರಾ ತಾನಾಳ ಮುಂದೆ ನಿಂತಿದ್ದಳು. ತಾನಾ ತಿದಿಯನ್ನು ಎದೆಗೆ ಅವಚಿಕೊಂಡಿದ್ದಳು. ಬೆನ್ನಿಗೆ ಕಟ್ಟಿದ್ದ ಮಗು ಬಂದೂಕಿನ ಸದ್ದಿಗೆ ಕಿರುಚುತ್ತಿತ್ತು.

“ಬ್ಯಾಡ ಕಣೆ ವೆನೆರಾ. ನಿಂದು ಮುಗೀತು. ನಂದು ಇನ್ನೂ ಅವ್ನ ಕೈಲೈತೆ. ಆಗಾತಾ ಕಾಗದ.”

“ಆಗಾತಾನ ನೋಡು ಒಂದ್ಸಲ.”

“ದಿನಾ ನೋಡ್ತೀನಿ.”

“ಅಡಗಿನೋರು ನೋಡ್ದಂಗೆ ನೋಡು. ಕಾಗದ ಸಿಕ್ರೂ ಆ ಕಣ್ಣಿಟ್ಕಂಡು ಅವ್ಳು ಅಡಗು ಅತ್ತಾಳಾ ತಾನಾ?”

ತಾನಾ ತಿರುಗಿ ನೋಡಿದಳು. ಕೆಳಗಿನ ಸಾಲಿನ ತುದಿಯಲ್ಲಿ ಆಗಾತಾ ಬರಿಗೈಯಲ್ಲಿ ನಿಂತು, ಗುಂಡಿನ ಸದ್ದು ಬಂದದ್ದು ಯಾವ ಕಡೆಯಿಂದ ಎಂದು ತಿಳಿಯದೆ ಮುಖವನ್ನು ಅತ್ತಿತ್ತ ಹೊರಳಿಸುತ್ತಿದ್ದಳು.

“ತಾನಾ, ಕೊಟ್ಟೆ ಅಂದ್ರೆ ನಿನ್ನ ಮಗಳು ಇಲ್ಲೇ ಕೊಳೀತಾಳೆ!” ಎಂದು ಕೂಗಿದ ಏಜೀದಿಯೊ.

ತಾನಾ ತಿದಿಯನ್ನು ಎದೆಯಿಂದ ಬಿಡಿಸಿ, ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದಳು. “ಬೇಗ ಕುಯ್ಯಿ,” ಎಂದಳು. “ಮನಸ್ ಬದ್ಲಾಗೋದ್ರೊಳ್ಗೆ ಕುಯ್ಯಿ.”

ವೆನೆರಾ ಕುಯ್ದಳು.

ಇಳಿಜಾರಿನ ಉದ್ದಕ್ಕೂ ಫುಸ್ ಫುಸ್ ಸದ್ದು ಒಂದೊಂದಾಗಿ ನಿಲ್ಲುತ್ತ ಬಂತು. ಮೇಲಿನ ಸಾಲಿನಿಂದ ಒಬ್ಬ ಮುದುಕಿ ತನ್ನ ತಿದಿಯನ್ನು ತಲೆಕೆಳಗು ಹಿಡಿದು, ಪುಡಿ ಚೆಲ್ಲಿಕೊಳ್ಳುತ್ತ ಇಳಿದು ಬಂದಳು. ಅವಳ ಹಿಂದೆ ಇಬ್ಬರು. ಅವರ ಹಿಂದೆ ಇನ್ನೂ ಯಾರೋ, ಧೂಳಿನಲ್ಲಿ ಮುಖ ಕಾಣಲಿಲ್ಲ. ದೂರದ ಸಾಲುಗಳಲ್ಲಿ ಕೆಲವು ತಿದಿಗಳು ಇನ್ನೂ ಉಸಿರಾಡುತ್ತಿದ್ದವು.

ಏಜೀದಿಯೊ ಹತ್ತು ಮಾರು ದೂರದಲ್ಲಿ ನಿಂತು ಖಾಲಿಯಾದ ನಳಿಗೆಗೆ ತೋಟಾ ತುಂಬುತ್ತಿದ್ದ. ಗಂಧಕ ಅವನ ಕಣ್ಣಿಗೂ ಹೋಗಿತ್ತು. ತೋಳಿನಿಂದ ಒರೆಸಿಕೊಳ್ಳುತ್ತ, ಬಿಡಲಾಗದ ಕಣ್ಣನ್ನು ಬಿಡಲು ನೋಡುತ್ತ, ಬಂದೂಕನ್ನು ಹೆಗಲಿಗಾನಿಸಿ ವೆನೆರಾಳ ಕಡೆ ಗುರಿ ಹಿಡಿದ.

ವೆನೆರಾ ಅವನ ಕಡೆ ನೋಡಲಿಲ್ಲ. ಕತ್ತಿಯ ಅಂಚಿಗೆ ಮೆತ್ತಿದ ಪುಡಿಯನ್ನು ಲಂಗಕ್ಕೆ ಒರೆಸಿ, ಮುದುಕಿಯ ತಿದಿಗೆ ಕೈ ಚಾಚಿದಳು.